ಬೆಲ್ಟ್ ಬದಲಿಸುವ ಮುನ್ನ ಪಿನ್ ನೋಡಿ

ಅಪ್ಪನ ಎಚ್‌ಎಂಟಿ ವಾಚು ನನ್ನ ಕೈಯಿಂದ ಎರಡು ಸಲ ಬಿದ್ದಿದೆ. ಎರಡೂ ಸಲ ಬೆಲ್ಟ್ ಗಟ್ಟಿಯಾಗಿಯೇ ಇತ್ತು. ಮೊದಲ ಸಲ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಬಿತ್ತು. ಎತ್ತಿಕೊಂಡು ನೋಡಿದರೆ ಬೆಲ್ಟನ್ನು ವಾಚಿಗೆ ಹಿಡಿದಿಡುವ ಆ ಸಣ್ಣ ಕಡ್ಡಿ ತುಕ್ಕು ಹಿಡಿದು, ಒಳಗಿನ ಸ್ಪ್ರಿಂಗ್ ಸತ್ತೇ ಹೋಗಿತ್ತು. ಹೊಸ ಬೆಲ್ಟಿಗೆ ದುಡ್ಡು ಕೊಟ್ಟಿದ್ದೆ, ಹಳೇ ಪಿನ್ನನ್ನೇ ಹಾಕಿಸಿಕೊಂಡು ಬಂದಿದ್ದೆ. ಎರಡನೇ ಸಲ ಅಂಗಡಿಯವರೇ ಹೊಸ ಪಿನ್ ಹಾಕಿಕೊಟ್ಟರು, ಆದರೆ ಅಳತೆಗಿಂತ ಗಿಡ್ಡದ್ದು. ಒಂದು ವಾರ ಬಂತು. ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಮತ್ತೆ ನೆಲಕ್ಕೆ. ಆಮೇಲೆ ಈ ಕೆಲಸವನ್ನು ನಾನೇ ಕಲಿತೆ. ಕಷ್ಟವೇನಿಲ್ಲ. ತಾಳ್ಮೆ ಬೇಕು, ಬೆಳಕು ಬೇಕು, ಒಂದು ಸಣ್ಣ ಹತಾರ ಬೇಕು ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಚರ್ಮ, ರಬ್ಬರ್, ಬಟ್ಟೆಯದ್ದಕ್ಕೆ ಬೆಲ್ಟ್ ಅನ್ನುತ್ತೇನೆ, ಲೋಹದ್ದಕ್ಕೆ ಚೈನ್. ನಮ್ಮ ಅಂಗಡಿಗಳಲ್ಲಿ ಹಾಗೇ ಕೇಳುವುದು. ಅಂಗಡಿಗೆ ಹೋಗಿ ಬ್ರೇಸ್‌ಲೆಟ್ ಅಂದರೆ ಕೈಬಳೆ ತೋರಿಸಿಯಾರು.

ಮೊದಲು ಅಳತೆ

ವಾಚಿನ ಮೇಲೆ ಕೆಳಗೆ ಎರಡೆರಡು ಕಿವಿ ಚಾಚಿಕೊಂಡಿರುತ್ತವಲ್ಲ, ಅವನ್ನು ಲಗ್ ಅನ್ನುತ್ತಾರೆ. ಎರಡು ಲಗ್‌ಗಳ ನಡುವಿನ ಒಳಜಾಗ ಎಷ್ಟಿದೆಯೋ ಅದೇ ನಿಮ್ಮ ಬೆಲ್ಟಿನ ಅಗಲ. ಡಯಲ್ ಎಷ್ಟು ದೊಡ್ಡದು ಅನ್ನುವುದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಗಂಡಸರ ವಾಚುಗಳಲ್ಲಿ ಜಾಸ್ತಿ ಕಾಣುವುದು 18, 20, 22 ಮಿ.ಮೀ. ಹೆಂಗಸರ ಸಣ್ಣ ವಾಚುಗಳಲ್ಲಿ 8, 10, 12, 14 ಹೀಗೆ ಬರುತ್ತವೆ. 19, 21 ಅನ್ನುವ ತರಲೆ ಅಳತೆಗಳೂ ಉಂಟು, ಅವಕ್ಕೆ ಬೆಲ್ಟ್ ಹುಡುಕುವುದು ಸ್ವಲ್ಪ ತಲೆನೋವು.

ಶಾಲೆಯ ಸ್ಕೇಲ್ ಸಾಕು, ಆದರೆ ವಾಚನ್ನು ಬೋರಲು ಹಾಕಿ ಹಿಂದಿನಿಂದ ಅಳೆಯಿರಿ. ಮುಂದಿನಿಂದ ಅಳೆದರೆ ಲಗ್ ಇಳಿಜಾರಾಗಿರುವ ಕಡೆ ಒಂದು ಮಿ.ಮೀ. ಹೆಚ್ಚುಕಮ್ಮಿ ಆಗುತ್ತದೆ. ಆ ಒಂದು ಮಿ.ಮೀ.ನಲ್ಲೇ ಎಲ್ಲ ಇರುವುದು. ಬೆಲ್ಟ್ ಒಂದು ಮಿ.ಮೀ. ಕಡಿಮೆ ಆದರೆ ಎರಡೂ ಕಡೆ ಸಂದು ಕಾಣುತ್ತದೆ, ಪಿನ್ನಿನ ಮೇಲೆ ಬೆಲ್ಟ್ ಅತ್ತಿತ್ತ ಓಡಾಡುತ್ತದೆ. ಜಾಸ್ತಿ ಆದರೆ ಅಂಚು ಮಡಚಿಕೊಂಡು ಬೇಗ ಕಿತ್ತುಹೋಗುತ್ತದೆ. "ಒತ್ತಿದರೆ ಹೋಗುತ್ತೆ ಸಾರ್" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಎಚ್‌ಎಂಟಿ ಇಟ್ಟುಕೊಂಡಿರುವವರಿಗೆ ಒಂದು ನೆಮ್ಮದಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಈ ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು, ಆದರೆ ಜನತಾ, ಪೈಲಟ್ ಥರದ ಹಳೆಯ ಗಂಡಸರ ಮಾಡೆಲ್‌ಗಳಿಗೆ ಸಾಮಾನ್ಯವಾಗಿ 18 ಮಿ.ಮೀ. ಬೆಲ್ಟೇ ಆಗುತ್ತದೆ. ಅದು ಎಲ್ಲ ಕಡೆ ಸಿಗುವ ಅಳತೆ. ಹಾಗಂತ ನನ್ನ ಮಾತು ಕೇಳಿ ಕೊಂಡುಬಿಡಬೇಡಿ, ನಿಮ್ಮ ವಾಚನ್ನು ಒಮ್ಮೆ ಅಳೆಯಿರಿ.

ಇನ್ನು ಉದ್ದ. ಮಣಿಕಟ್ಟಿಗೆ ಒಂದು ದಾರ ಸುತ್ತಿ, ಅದನ್ನು ಸ್ಕೇಲ್ ಮೇಲಿಟ್ಟು ನೋಡಿ. ಮಾಮೂಲಿ ಬೆಲ್ಟ್ 115/75 ಅಥವಾ 120/75 ಅಂತ ಬರುತ್ತದೆ, ಅಂದರೆ ತೂತಿರುವ ತುಂಡು 115 ಅಥವಾ 120 ಮಿ.ಮೀ., ಬಕಲ್ ಇರುವ ತುಂಡು 75 ಮಿ.ಮೀ. ಮಣಿಕಟ್ಟು 16ರಿಂದ 18 ಸೆಂ.ಮೀ. ಇರುವವರಿಗೆ ಇದು ಸರಿಯಾಗುತ್ತದೆ. 15ಕ್ಕಿಂತ ಕಡಿಮೆ ಇದ್ದರೆ ಗಿಡ್ಡ ಬೆಲ್ಟ್ ಕೇಳಿ, ಇಲ್ಲದಿದ್ದರೆ ಬಾಲ ಸುತ್ತಿ ಬಂದು ಅಂಗಿಯ ತೋಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬಕಲ್ ಹತ್ತಿರ ಅಗಲ ಕಡಿಮೆಯಾಗುವ ಬೆಲ್ಟುಗಳ ಮೇಲೆ 20/18 ಅಂತ ಬರೆದಿರುತ್ತಾರೆ. ಹಳೆಯ ಬಕಲ್ ಉಳಿಸಿಕೊಳ್ಳಬೇಕು ಅಂತಿದ್ದರೆ ಆ ಎರಡನೇ ಅಂಕಿಯೂ ಮುಖ್ಯ.

ಪಿನ್

ಇದು ನೋಡೋಕೆ ಏನೂ ಅಲ್ಲ. ಒಂದು ಸಣ್ಣ ಕೊಳವೆ, ಒಳಗೆ ಸ್ಪ್ರಿಂಗ್, ಎರಡು ತುದಿಗೆ ಎರಡು ಮೊನೆ. ಮೊನೆಗಳು ಲಗ್‌ನ ಒಳಗೋಡೆಯ ತೂತಿನಲ್ಲಿ ಕೂರುತ್ತವೆ. ಇಡೀ ವಾಚು ನೇತಾಡುವುದು ಈ ಎರಡು ಮೊನೆಗಳ ಮೇಲೆ. ಹತ್ತಿಪ್ಪತ್ತು ರೂಪಾಯಿಯ ವಸ್ತು, ಹಾಗಾಗಿ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ.

ಲಗ್ 18 ಇದ್ದರೆ ಪಿನ್ನೂ 18. ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ. ದಪ್ಪ ಸಾಮಾನ್ಯವಾಗಿ 1.5 ಮಿ.ಮೀ., ಭಾರದ ವಾಚಿಗೆ 1.8 ಒಳ್ಳೆಯದು. ಸೀಕೋದ ಎಷ್ಟೋ ಡೈವರ್ ವಾಚುಗಳಿಗೆ, ಅಂದರೆ ನೀರಿನಾಳಕ್ಕೆ ಇಳಿಯುವವರಿಗೆಂದು ಮಾಡಿದ ವಾಚುಗಳಿಗೆ, 2.5 ಮಿ.ಮೀ. ದಪ್ಪದ ಬೇರೆಯೇ ಪಿನ್ ಇದೆ. ಮಾಮೂಲಿ ಪಿನ್ ಅದರಲ್ಲಿ ಕೂತಂತೆ ಕಾಣುತ್ತದೆ, ಆದರೆ ಕಳಚಿಕೊಳ್ಳುತ್ತದೆ.

ಹಳೆಯ ಪಿನ್ನನ್ನು ಪರೀಕ್ಷೆ ಮಾಡುವುದು ಸುಲಭ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿ. ಚಟ್ಟನೆ ಪುಟಿಯಬೇಕು. ನಿಧಾನಕ್ಕೆ ಎದ್ದರೆ, ಬಾಗಿದ್ದರೆ, ಮೊನೆ ಸವೆದಿದ್ದರೆ, ಕಂದು ಬಣ್ಣ ಕಂಡರೆ ಬಿಸಾಡಿ. ದಿನಾ ಬೆವರುವ ಕೈಗೆ ಕಟ್ಟುವ ವಾಚಾದರೆ ವರ್ಷಕ್ಕೊಮ್ಮೆ ಬದಲಿಸಿದರೂ ತಪ್ಪಿಲ್ಲ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ಗೇಟಿನ ಕೊಂಡಿಯೇ ಉಳಿಯುವುದಿಲ್ಲ.

ಹಳೆಯ ವಾಚಿನಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಿ. ಹಿಂಬದಿಯಲ್ಲಿ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಅಂತ ಕೊರೆದಿದ್ದರೆ ಮುಚ್ಚಳ ಮಾತ್ರ ಸ್ಟೀಲು ಅಂತ ಅರ್ಥ. ಮೈ ಬಹುಪಾಲು ಹಿತ್ತಾಳೆ, ಮೇಲೆ ಹೊಳಪಿನ ಲೇಪ. ಬೆವರು ಆ ಲೇಪವನ್ನು ತಿಂದು ಒಳಗೆ ಹೋದರೆ ಲಗ್‌ನ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಆಗ ತುದಿ ದಪ್ಪ ಇರುವ ಪಿನ್ ಕೇಳಬೇಕು. ತೂತು ಹರಿದು ಅಂಚಿಗೇ ಬಂದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ಬಿಚ್ಚುವುದು, ಹಾಕುವುದು

ಹತಾರದ ಒಂದು ತುದಿ ಹಾವಿನ ನಾಲಿಗೆಯಂತೆ ಕವಲೊಡೆದಿರುತ್ತದೆ, ಇನ್ನೊಂದು ತುದಿ ಸೂಜಿಯಂತೆ. ಸ್ಪ್ರಿಂಗ್ ಬಾರ್ ಟೂಲ್ ಅಂತ ಕೇಳಿದರೆ ಕೊಡುತ್ತಾರೆ. ಕೈವಾರದ ಮೊನೆ, ಸೇಫ್ಟಿ ಪಿನ್, ಚಾಕು ಇವುಗಳಲ್ಲೂ ಮಾಡಬಹುದು, ನಾನೂ ಮಾಡಿದ್ದೇನೆ, ಅದರ ಗುರುತು ಲಗ್ ಮೇಲೆ ಈಗಲೂ ಇದೆ.

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ವಾಚನ್ನು ಬೋರಲು ಮಲಗಿಸಿ. ಲಗ್‌ಗಳ ಹಿಂಬದಿಗೆ ಸೆಲ್ಲೋಟೇಪ್ ಅಂಟಿಸಿ, ಕೈ ಜಾರಿದರೂ ಗೀರು ಟೇಪಿನ ಮೇಲೆ ಬೀಳುತ್ತದೆ. ಈಗ ಹತಾರದ ಕವಲು ತುದಿಯನ್ನು ಬೆಲ್ಟಿಗೂ ಲಗ್‌ಗೂ ನಡುವಿನ ಸಂದಿಗೆ ತೂರಿಸಿ. ಪಿನ್ನಿನ ಭುಜಕ್ಕೆ ಕವಲು ಸಿಕ್ಕಿದ್ದು ಕೈಗೆ ಗೊತ್ತಾಗುತ್ತದೆ. ಅದನ್ನು ಒಳಗೆ, ಅಂದರೆ ಬೆಲ್ಟಿನ ಕಡೆಗೆ ತಳ್ಳಿ, ತಳ್ಳಿಕೊಂಡೇ ಬೆಲ್ಟನ್ನು ಸ್ವಲ್ಪ ಮೇಲೆತ್ತಿ. ಒಂದು ತುದಿ ಹೊರಗೆ ಬಂದರೆ ಇನ್ನೊಂದು ತಾನೇ ಬರುತ್ತದೆ. ಮೇಲಕ್ಕೆ ಮೀಟಬೇಡಿ, ಪಿನ್ ಬಾಗುವುದು ಅಲ್ಲೇ. ಲಗ್‌ನ ಹೊರಗೋಡೆಯಲ್ಲೇ ತೂತು ಕಾಣುತ್ತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಸೂಜಿ ತುದಿಯಿಂದ ಹೊರಗಿನಿಂದ ಒತ್ತಿದರೆ ಕೆಲಸ ಮುಗಿಯಿತು.

ಪಿನ್ ಹಾರುತ್ತದೆ. ಹಾರಿಯೇ ಹಾರುತ್ತದೆ. ಸೋಫಾ ಕೆಳಗೆ ಟಾರ್ಚ್ ಹಾಕಿ ಹುಡುಕುವ ಕೆಲಸ ಬೇಡ ಅಂದರೆ ವಾಚು, ಕೈ ಎರಡನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಬಿಚ್ಚಿ. ನೋಡಿದವರು ನಗುತ್ತಾರೆ, ನಗಲಿ.

ಹಾಕುವಾಗ ಇದೇ ಕೆಲಸ ಹಿಂದುಮುಂದು. ಪಿನ್ನನ್ನು ಬೆಲ್ಟಿನ ಕೊಳವೆಗೆ ತೂರಿಸಿ, ಒಂದು ಮೊನೆಯನ್ನು ಲಗ್‌ನ ತೂತಿಗೆ ಓರೆಯಾಗಿ ಕೂರಿಸಿ, ಇನ್ನೊಂದು ಮೊನೆಯನ್ನು ಕವಲಿನಿಂದ ಒಳಗೊತ್ತಿ ಹಿಡಿದು, ಜಾರಿಸುತ್ತಾ ತೂತಿನ ಎದುರಿಗೆ ತನ್ನಿ. ಟಿಕ್ ಅಂತ ಶಬ್ದ ಬರುತ್ತದೆ. ಬಂದರೂ ಪೂರ್ತಿ ನಂಬಬೇಡಿ. ಬೆಲ್ಟನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಆಮೇಲೆ ವಾಚು ಹಿಡಿದು ಜೋರಾಗಿಯೇ ಎಳೆಯಿರಿ. ಬರುವ ಹಾಗಿದ್ದರೆ ಮೇಜಿನ ಮೇಲೇ ಬರಲಿ. ನನ್ನ ವಾಚು ಎರಡನೇ ಸಲ ಬಿದ್ದದ್ದು ಈ ಒಂದು ಎಳೆತ ಎಳೆಯದೇ ಇದ್ದದ್ದಕ್ಕೆ.

ಬಕಲ್ ಇರುವ ಗಿಡ್ಡ ತುಂಡು 12ರ ಕಡೆ, ತೂತಿರುವ ಉದ್ದ ತುಂಡು 6ರ ಕಡೆ. ಮೊದಲ ಸಲ ಮಾಡುವವರು ಇದನ್ನು ಉಲ್ಟಾ ಹಾಕುತ್ತಾರೆ. ಪಿನ್ನಿಗೇ ಸಣ್ಣ ಗುಬುಟು ಇರುವ, ಉಗುರಲ್ಲಿ ಎಳೆದರೆ ಬಿಚ್ಚುವ ಬೆಲ್ಟುಗಳೂ ಈಗ ಬಂದಿವೆ. ಹೊಸದಾಗಿ ಕೊಳ್ಳುವವರು ಅಂಥದ್ದನ್ನೇ ತಗೊಳ್ಳಿ, ಹತಾರವೇ ಬೇಡ. 20 ಅಥವಾ 22 ಮಿ.ಮೀ.ನ ಎಷ್ಟೋ ಸ್ಮಾರ್ಟ್‌ವಾಚುಗಳಿಗೂ ಇದು ಕೂರುತ್ತದೆ. ಆಪಲ್ ವಾಚಿನದ್ದು ಮಾತ್ರ ಬೇರೆ, ಅದಕ್ಕೆ ಅದರದ್ದೇ ಜೋಡಣೆ.

ಯಾವ ಬೆಲ್ಟ್ ಯಾರಿಗೆ

ಚರ್ಮ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಸಪೂರ ವಾಚಿಗೆ ತೆಳುವಾದ ಕಂದು ಚರ್ಮದ ಬೆಲ್ಟ್ ಹಾಕಿದರೆ ವಾಚಿನ ವಯಸ್ಸೇ ಇಳಿಯುತ್ತದೆ. ಆದರೆ ಅದಕ್ಕೆ ನೀರೇ ಶತ್ರು. ನೀರು ತಡೆಯುತ್ತದೆ ಅಂತ ವಾಚಿನ ಮೇಲೆ 50 ಮೀಟರ್, 100 ಮೀಟರ್ ಏನೇ ಬರೆದಿರಲಿ, ಅದು ವಾಚಿಗೆ, ಬೆಲ್ಟಿಗಲ್ಲ. ಕೊಳ್ಳುವಾಗ ಅಂಚು ನೋಡಿ. ಒಂದೇ ಚರ್ಮದ ಪದರ ಕಂಡರೆ ಒಳ್ಳೆಯದು. ಅಂಚಿಗೆ ದಪ್ಪ ಬಣ್ಣ ಬಳಿದಿದ್ದು, ಮಡಚಿದರೆ ಮೇಲ್ಮೈ ಕಾಗದದಂತೆ ಸುಕ್ಕಾದರೆ ಅದು ಚರ್ಮದ ಪುಡಿಯನ್ನು ಅಂಟಿಸಿ ಮಾಡಿದ್ದಿರಬಹುದು. ಅಂಥದ್ದು ನಮ್ಮ ಬೇಸಿಗೆಯಲ್ಲಿ ಪದರ ಪದರವಾಗಿ ಏಳುತ್ತದೆ. ಮೊಸಳೆ ಚರ್ಮದಂತೆ ಚೌಕುಳಿ ಇರುವುದೆಲ್ಲ ಮೊಸಳೆಯದ್ದಲ್ಲ, ದನದ ಚರ್ಮಕ್ಕೆ ಅಚ್ಚು ಒತ್ತಿರುತ್ತಾರೆ. ಅದೇನೂ ಮೋಸ ಅಲ್ಲ, ಮೊಸಳೆಯ ಬೆಲೆ ಕೇಳದಿದ್ದರೆ ಆಯಿತು.

ರಬ್ಬರಿನಲ್ಲಿ ಸಿಲಿಕೋನ್ ಮೆತ್ತಗಿರುತ್ತದೆ, ಅಗ್ಗ, ಆದರೆ ಧೂಳು, ಬಟ್ಟೆಯ ನೂಲು ಎಲ್ಲ ಅಂಟಿಸಿಕೊಳ್ಳುತ್ತದೆ. ಎಫ್‌ಕೆಎಂ ಅನ್ನುವ ರಬ್ಬರ್ ದುಬಾರಿ, ಬೆವರು ಎಣ್ಣೆ ಎರಡಕ್ಕೂ ಜಗ್ಗುವುದಿಲ್ಲ, ದುಡ್ಡಿದ್ದರೆ ಅದನ್ನೇ ತಗೊಳ್ಳಿ. ಡಿಜಿಟಲ್ ವಾಚುಗಳ ಗಟ್ಟಿ ಪ್ಲಾಸ್ಟಿಕ್ ಬೆಲ್ಟ್ ಹಲವು ವರ್ಷದ ಮೇಲೆ ಒಣಗಿ, ತೂತಿನ ಹತ್ತಿರ ಪಟ್ ಅಂತ ತುಂಡಾಗುತ್ತದೆ. 1989ರಿಂದ ಬರುತ್ತಿರುವ ಕ್ಯಾಸಿಯೋ ಎಫ್-91ಡಬ್ಲ್ಯೂ ಇಟ್ಟುಕೊಂಡವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಅದನ್ನು ಅಂಟಿಸಲು ಹೋಗಬೇಡಿ, ಯಾವ ಗೋಂದೂ ನಿಲ್ಲುವುದಿಲ್ಲ. ಅದಕ್ಕೆ 18 ಮಿ.ಮೀ.ನ ತೆಳು ನೈಲಾನ್ ಪಟ್ಟಿ ಹಾಕಿದರೆ ಮತ್ತೆ ಹತ್ತು ವರ್ಷ ಓಡುತ್ತದೆ.

ನೈಲಾನ್ ಪಟ್ಟಿ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ನೇಟೋ ಪಟ್ಟಿ ಅಂತ ಮಾರುತ್ತಾರೆ. ಅದು ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗೆಂದು ಗೊತ್ತುಮಾಡಿದ ಪಟ್ಟಿ. ಸೈನಿಕರು ಅದನ್ನು ಪಡೆಯಲು ತುಂಬಬೇಕಿದ್ದ ಫಾರಂನ ಹೆಸರಿನಿಂದ ಜಿ10 ಅಂತಲೂ ಕರೆಯುತ್ತಾರೆ. ಒಂದೇ ಉದ್ದ ಪಟ್ಟಿ, ಎರಡೂ ಪಿನ್ನುಗಳ ಕೆಳಗೆ ಹಾದು ಹೋಗುತ್ತದೆ. ಹಾಗಾಗಿ ಒಂದು ಪಿನ್ ಮುರಿದರೂ ವಾಚು ಇನ್ನೊಂದರ ಮೇಲೆ ನೇತಾಡುತ್ತದೆಯೇ ಹೊರತು ಕೆಳಗೆ ಬೀಳುವುದಿಲ್ಲ. ಎರಡು ಸಲ ವಾಚು ಬೀಳಿಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಗುಣ ಇನ್ನೇನು ಬೇಕು? ಪಿನ್ ಬಿಚ್ಚದೆಯೇ ಪಟ್ಟಿ ಬದಲಿಸಬಹುದು, ಸೋಪು ಹಾಕಿ ತೊಳೆಯಬಹುದು. ಕೊರತೆ ಅಂದರೆ ವಾಚು ಸ್ವಲ್ಪ ಎತ್ತರ ಕೂರುತ್ತದೆ, ಪ್ಯಾಂಟು ಶರ್ಟಿನ ಮದುವೆ ಮನೆಗೆ ಹೊಂದುವುದಿಲ್ಲ. ಬೇಸಿಗೆಗೆ ಹೆಣೆದ ಪರ್ಲಾನ್ ಪಟ್ಟಿಯೂ ಚೆನ್ನ. ಅದಕ್ಕೆ ತೂತೇ ಇಲ್ಲ, ಬಕಲ್ಲಿನ ನಾಲಿಗೆಯನ್ನು ಹೆಣಿಗೆಯಲ್ಲಿ ಎಲ್ಲಿ ಬೇಕಾದರೂ ಚುಚ್ಚಬಹುದು.

ಮಲೆನಾಡಿನ ಮಳೆಗಾಲಕ್ಕೆ ಚರ್ಮ ಬೇಡವೇ ಬೇಡ. ಜೂನ್‌ನಲ್ಲಿ ಬಿಚ್ಚಿ, ಒಣಗಿಸಿ, ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಬಿಳಿ ಬೂಸ್ಟು ಗ್ಯಾರಂಟಿ.

ಕೈ ತುರಿಸುತ್ತದೆ ಅನ್ನುವವರು ಮೊದಲು ಬಕಲ್ ಮತ್ತು ಚೈನಿನ ಲೋಹದ ಕಡೆ ನೋಡಿ. ಅಗ್ಗದ ಲೋಹದಲ್ಲಿರುವ ನಿಕಲ್ ಹಲವರಿಗೆ ಆಗಿಬರುವುದಿಲ್ಲ. 316ಎಲ್ ಅಂತ ಬರೆದಿರುವ ಸ್ಟೀಲು ಬಹಳ ಜನಕ್ಕೆ ತೊಂದರೆ ಕೊಡುವುದಿಲ್ಲ, ಅದೂ ಆಗದಿದ್ದರೆ ಟೈಟಾನಿಯಂ. ಬಹಳ ಸಲ ತುರಿಕೆಗೆ ಕಾರಣ ಲೋಹವೂ ಅಲ್ಲ, ತಿಂಗಳುಗಟ್ಟಲೆ ತೊಳೆಯದ ಕೊಳೆ.

ಚೈನ್ ಗಿಡ್ಡ ಮಾಡುವುದು

ಬೆಳಗ್ಗೆ ಎದ್ದ ಕೂಡಲೇ ಅಳತೆ ನೋಡಬೇಡಿ. ಮಧ್ಯಾಹ್ನದ ಸೆಖೆಗೆ ಕೈ ಸ್ವಲ್ಪ ಊದಿಕೊಂಡಿರುತ್ತದೆ, ಆಗ ನೋಡಿ. ಲಾಕಿನ ಕೆಳಗೆ ಕಿರುಬೆರಳು ಸರಾಗ ಹೋಗುವಷ್ಟು ಸಡಿಲ ಇರಲಿ.

ಕೊಂಡಿ ತೆಗೆಯುವ ಮೊದಲು ಲಾಕಿನ ಪಕ್ಕ ಸಣ್ಣ ತೂತುಗಳ ಸಾಲು ಇದೆಯಾ ನೋಡಿ. ಅಲ್ಲಿರುವ ಪಿನ್ನನ್ನು ಮುಂದಿನ ತೂತಿಗೆ ಸರಿಸಿದರೆ ಎರಡು ಮೂರು ಮಿ.ಮೀ. ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ಎಷ್ಟೋ ಸಲ ಅಷ್ಟೇ ಸಾಕಾಗಿರುತ್ತದೆ. ಸಾಲದಿದ್ದರೆ ಕೈಗೆ ಹಾಕಿ, ಹೆಚ್ಚಾದ ಭಾಗವನ್ನು ಚಿವುಟಿ ಹಿಡಿದು ಎಷ್ಟು ಕೊಂಡಿ ಅಂತ ಎಣಿಸಿ. ಎರಡು ಕಡೆಯಿಂದಲೂ ಸಮ ತೆಗೆಯಿರಿ. ಬೆಸ ಸಂಖ್ಯೆ ಬಂದರೆ ಆ ಹೆಚ್ಚಿನ ಒಂದನ್ನು 6ರ ಕಡೆಯಿಂದ ತೆಗೆದರೆ ಲಾಕು ಮಣಿಕಟ್ಟಿನ ಕೆಳಗೆ ನಡುವೆ ಕೂರುತ್ತದೆ.

ಚೈನಿನ ಒಳಮೈಯಲ್ಲಿ ಬಾಣದ ಗುರುತು ಇರುತ್ತದೆ. ಕೊಂಡಿಗಳನ್ನು ಜೋಡಿಸಿರುವ ಕಡ್ಡಿಯನ್ನು ಬಾಣ ತೋರಿಸುವ ದಿಕ್ಕಿಗೇ ತಳ್ಳಬೇಕು. ಚೈನನ್ನು ಪ್ಲಾಸ್ಟಿಕ್ ಹಿಡಿಕೆಯಲ್ಲಿ ನಿಲ್ಲಿಸಿ, ತೆಳು ಮೊಳೆಯಂಥ ಪಂಚ್ ಇಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಿರುಪು ತಿರುಗಿಸುವ ಅಗ್ಗದ ಸಾಧನವೂ ಸಿಗುತ್ತದೆ. ಅದರ ಮೊನೆ ಬೇಗ ಬಾಗುತ್ತದೆ, ಹೆಚ್ಚುವರಿ ಮೊನೆ ಇರುವ ಸೆಟ್ ಕೊಳ್ಳಿ. ಕಡ್ಡಿ ಹೊರಬರುವಾಗ ಯಾವ ತುದಿ ಮೊದಲು ಬಂತು ಅಂತ ನೋಡಿಟ್ಟುಕೊಳ್ಳಿ. ವಾಪಸ್ ಹಾಕುವಾಗ ಬಾಣದ ಎದುರು ದಿಕ್ಕಿನಲ್ಲಿ ಹಾಕಬೇಕು, ಮೊದಲು ಬಂದ ತುದಿ ಕೊನೆಗೆ ಒಳಹೋಗಬೇಕು. ಕೊನೆಯ ತಟ್ಟಿನ ನಂತರ ಬೆರಳಾಡಿಸಿ ನೋಡಿ, ಎರಡು ಕಡೆಯೂ ಏನೂ ಚುಚ್ಚಬಾರದು.

ಸೀಕೋ, ಸಿಟಿಜನ್‌ನ ಕೆಲವು ಚೈನುಗಳಲ್ಲಿ ಕಡ್ಡಿಯ ಜೊತೆ ಸಾಸಿವೆ ಗಾತ್ರದ ಒಂದು ಕೊಳವೆ ಇರುತ್ತದೆ. ಕಡ್ಡಿಯನ್ನು ಬಿಗಿ ಹಿಡಿಯುವುದು ಅದೇ. ಕೊಂಡಿ ಬಿಡಿಸಿದಾಗ ಅದು ಸದ್ದಿಲ್ಲದೆ ಉದುರುತ್ತದೆ. ಅದನ್ನು ಕಳೆದುಕೊಂಡು ಕಡ್ಡಿ ಮಾತ್ರ ಹಾಕಿದರೆ ಚೈನ್ ಸರಿಯಾಗಿಯೇ ಕಾಣುತ್ತದೆ, ಎರಡು ದಿನ ಬಿಟ್ಟು ರಸ್ತೆಯಲ್ಲಿ ಕೈಕೊಡುತ್ತದೆ. ಅದಕ್ಕೇ ಬಿಳಿ ಬಟ್ಟೆಯ ಮೇಲೆ ಕೆಲಸ ಮಾಡಿ. ಸ್ಕ್ರೂ ಇರುವ ಚೈನಾದರೆ ಸರಿಯಾದ ಅಗಲದ ಸ್ಕ್ರೂಡ್ರೈವರ್ ಬೇಕು, ಹಾಕುವಾಗ ತಿರುಪಿಗೆ ನೀಲಿ ಲಾಕ್‌ಟೈಟ್, ಅಂದರೆ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು, ಒಂದು ಚುಕ್ಕೆ ಮುಟ್ಟಿಸಿ. ಫೆವಿಕ್ವಿಕ್ ಅಲ್ಲ ಮತ್ತೆ. ತೆಗೆದ ಕೊಂಡಿಗಳನ್ನು ಬಿಸಾಡಬೇಡಿ, ನಾವೆಲ್ಲ ಸ್ವಲ್ಪ ಸ್ವಲ್ಪ ದಪ್ಪ ಆಗುವವರೇ.

ಚೈನ್ ತೊಳೆಯಲು ವಾಚಿನಿಂದ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ. ನೀರಿನ ಬಣ್ಣ ನೋಡಿ ಗಾಬರಿಯಾಗಬೇಡಿ.

ರಿಪೇರಿ

ಚರ್ಮದ ಬೆಲ್ಟಿನಲ್ಲಿ ಮೊದಲು ಹೋಗುವುದು ಬಾಲವನ್ನು ಹಿಡಿದಿಡುವ ಸಣ್ಣ ಉಂಗುರ. ಅದೊಂದಕ್ಕೆ ಬೆಲ್ಟ್ ಬದಲಿಸುವುದು ದಂಡ. ಹಳೆಯ ಬೆಲ್ಟ್ ಒಂದರಿಂದ ಉಂಗುರ ಜಾರಿಸಿ ಹಾಕಿದರೆ ಆಯಿತು. ಅಥವಾ ತೆಳು ಚರ್ಮದ ಪಟ್ಟಿ ಕತ್ತರಿಸಿ, ಬೆಲ್ಟಿನ ಎರಡು ಪದರ ಸೇರಿಸಿ ಸುತ್ತಿ ಅಳತೆ ತಗೊಂಡು, ತುದಿಗೆ ತುದಿ ತಾಗಿಸಿ ನಾಲ್ಕು ಹೊಲಿಗೆ ಹಾಕಿ.

ಪದರ ಬಿಟ್ಟುಕೊಂಡರೆ ಒಳಗೆ ಒರೆಸಿ, ಮರಳು ಕಾಗದದಿಂದ ಮೆಲ್ಲಗೆ ಕೆರೆದು, ಎರಡೂ ಮೈಗೆ ತೆಳ್ಳಗೆ ರಬ್ಬರ್ ಸೊಲ್ಯೂಷನ್ ಹಚ್ಚಿ. ಚಪ್ಪಲಿ ಹೊಲಿಯುವವರು ಬಳಸುವುದು ಅದನ್ನೇ. ತಕ್ಷಣ ಅಂಟಿಸಬೇಡಿ. ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟದ ಹಾಗೆ ಆದ ಮೇಲೆ ಒತ್ತಿ, ಎರಡು ಕಡೆ ರಟ್ಟಿನ ಚೂರು ಇಟ್ಟು, ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡಿ. ಫೆವಿಕ್ವಿಕ್ ಹಾಕಿದರೆ ಚರ್ಮ ಕಲ್ಲಿನಂತಾಗಿ, ಮಡಚುವ ಜಾಗದಲ್ಲೇ ಸೀಳುತ್ತದೆ, ಸುತ್ತ ಬಿಳಿ ಕಲೆ ಬೇರೆ.

ಹೊಲಿಗೆ ಬಿಟ್ಟಿದ್ದರೆ ಹೊಸ ತೂತು ಹೊಡೆಯಬೇಡಿ, ಹಳೆಯ ತೂತುಗಳಲ್ಲೇ ಹೋಗಿ. ಮೇಣ ಸವರಿದ ಪಾಲಿಯೆಸ್ಟರ್ ದಾರ, ಎರಡು ತುದಿಗೆ ಎರಡು ಮೊಂಡು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಅತ್ತಲಿಂದ ಇತ್ತ, ಇನ್ನೊಂದು ಇತ್ತಲಿಂದ ಅತ್ತ. ಹೀಗೆ ಹೊಲಿದರೆ ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಕೊನೆಗೆ ಎರಡು ತೂತು ಹಿಂದಕ್ಕೆ ಹೊಲಿದು ಕತ್ತರಿಸಿ, ದಾರದ ತುದಿಗೆ ಲೈಟರ್ ತೋರಿಸಿ. ತೋರಿಸಿ ಅಂದೆ, ಹಿಡಿಯಿರಿ ಅನ್ನಲಿಲ್ಲ.

ಹೆಚ್ಚಿನ ತೂತು ಬೇಕಾದರೆ ಹಳೆಯ ಎರಡು ತೂತುಗಳ ನಡುವಿನ ದೂರ ಅಳೆದು, ಅಷ್ಟೇ ದೂರದಲ್ಲಿ, ಬೆಲ್ಟಿನ ಅಗಲದ ನಟ್ಟನಡುವೆ ಗುರುತು ಮಾಡಿ, ಚರ್ಮಕ್ಕೆ ತೂತು ಹೊಡೆಯುವ ಪಂಚಿನಿಂದ ಹೊಡೆಯಿರಿ. ಕಾಸಿದ ಮೊಳೆ ಬೇಡ, ಸುಟ್ಟ ಅಂಚು ಬೇಗ ಹರಿಯುತ್ತದೆ. ಪಂಚ್ ಇಲ್ಲದಿದ್ದರೆ ರಸ್ತೆ ಬದಿ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ, ಅರ್ಧ ನಿಮಿಷದ ಕೆಲಸ.

ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಎರಡು ದಿನ ಹೊಳೆಯುತ್ತದೆ, ಆಮೇಲೆ ಕಪ್ಪಾಗಿ ಜೋಲುತ್ತದೆ, ಅಂಟು ಬಿಡುತ್ತದೆ. ಬೂಟಿಗೆ ಹಚ್ಚುವ ಬಣ್ಣವಿಲ್ಲದ ಕ್ರೀಮನ್ನು ಬಟ್ಟೆಯಲ್ಲಿ ಒಂಚೂರು ತಗೊಂಡು ಸವರಿ, ಸಾಕು. ಸೆಂಟು, ಸ್ಯಾನಿಟೈಸರ್ ಹಚ್ಚಿದ ಕೈ ಒಣಗಿದ ಮೇಲೆ ವಾಚು ಕಟ್ಟಿ.

ಪಿನ್ ಹಾಯುವ ಕೊಳವೆಯ ಹತ್ತಿರ ಚರ್ಮ ಸೀಳಿದ್ದರೆ ಮಾತ್ರ ರಿಪೇರಿ ಬೇಡ. ಹೊಲಿದರೂ ಅಂಟಿಸಿದರೂ ಆ ಜಾಗ ನಿಲ್ಲುವುದಿಲ್ಲ. ಬೆಲ್ಟ್ ಬಿಸಾಡಿ, ಬಕಲ್ ಬಿಚ್ಚಿಟ್ಟುಕೊಳ್ಳಿ. ಹೊಸ ಬೆಲ್ಟ್ ತರುವಾಗ ಎರಡು ಜೊತೆ ಪಿನ್ನೂ ತನ್ನಿ, ಒಂದು ಹಾಕೋಕೆ, ಇನ್ನೊಂದು ಸೋಫಾ ಕೆಳಗೆ ಹೋಗೋಕೆ.